ಗೆದ್ದಲಿಗೆಂದು ಹೊಯ್ದ ಆಯಿಲ್ ಬಾವಿಗೆ ಬಂತು

ಗಾಡಿಯ ಆಯಿಲ್ ಮನೆಯಲ್ಲೇ ಬದಲಿಸುವವರು, ಅದರಲ್ಲೂ ಅಂಗಳದಲ್ಲಿ ತೆರೆದ ಬಾವಿ ಇರುವವರು ದಯವಿಟ್ಟು ಇದನ್ನು ಓದಿ. ನಾನು ಮಾಡಿದ್ದು ಹೊಸ ಕೆಲಸವೇನಲ್ಲ. ನಮ್ಮ ಕಡೆ ಬಹಳ ಮಂದಿ ಮಾಡುತ್ತಾರೆ, ನನಗೂ ಹೇಳಿಕೊಟ್ಟವರು ಹಿರಿಯರೇ.

ಉಡುಪಿ ಜಿಲ್ಲೆಯ ಒಂದು ಹಳ್ಳಿ ನಮ್ಮದು. 2020ರ ಲಾಕ್‌ಡೌನಿನಲ್ಲಿ ಗ್ಯಾರೇಜುಗಳೆಲ್ಲ ಮುಚ್ಚಿದಾಗ ಬೈಕಿನ ಆಯಿಲ್ ನಾನೇ ಬದಲಿಸಲು ಕಲಿತೆ. ಅದು ದೊಡ್ಡ ವಿದ್ಯೆ ಏನೂ ಅಲ್ಲ. ಅಡಿಯ ಬೋಲ್ಟ್ ಬಿಚ್ಚಬೇಕು, ಹಳೆಯದನ್ನು ಇಳಿಸಬೇಕು, ಹೊಸದನ್ನು ಹೊಯ್ಯಬೇಕು. ಆಮೇಲೆ ಕಾರಿನದ್ದನ್ನೂ ಮಾಡತೊಡಗಿದೆ. ಬೈಕಿನಿಂದ ಒಂದು ಸಲಕ್ಕೆ ಸುಮಾರು 900 ಮಿಲಿ, ಕಾರಿನಿಂದ 3 ಲೀಟರಿನ ಹತ್ತಿರ ಕಪ್ಪು ಆಯಿಲ್ ಇಳಿಯುತ್ತದೆ. ಅದನ್ನು ಹೊಸ ಆಯಿಲ್ ಬಂದ ಕ್ಯಾನಿಗೇ ತುಂಬಿ ಬಚ್ಚಲಿನ ಅಟ್ಟದ ಮೇಲೆ ಇಡುತ್ತಿದ್ದೆ. ಅಷ್ಟರ ಮಟ್ಟಿಗೆ ನಾನು ಸರಿಯಾಗಿಯೇ ಇದ್ದೆ.

ಒಂದು ಮೇ ತಿಂಗಳಲ್ಲಿ ಸೌದೆ ಕೊಟ್ಟಿಗೆಯ ಕಂಬಗಳಿಗೆ ಗೆದ್ದಲು ಹತ್ತಿತು. ಆಚೆಮನೆಯ ಮಾವ ಬಂದು ನೋಡಿ, "ಸುಟ್ಟ ಆಯಿಲ್ ಹೊಯ್ಯು ಮಾರಾಯ, ಮತ್ತೆ ಹತ್ತುದಿಲ್ಲ" ಅಂದರು. ಅಟ್ಟವೂ ಖಾಲಿಯಾಗುತ್ತದೆ, ಕಂಬವೂ ಉಳಿಯುತ್ತದೆ. ಕಂಬಗಳ ಬುಡದ ಸುತ್ತ ಗೇಣುದ್ದ ಆಳ ಕೆದರಿ 7 ಲೀಟರ್ ಹೊಯ್ದೆ. ಒಣಗಿದ್ದ ಮಣ್ಣು ಹತ್ತು ನಿಮಿಷದಲ್ಲಿ ಅಷ್ಟನ್ನೂ ಹೀರಿಕೊಂಡಿತು. ಆ ಹೀರುವಿಕೆ ನೋಡಿಯಾದರೂ ನನಗೆ ಹೊಳೆಯಬೇಕಿತ್ತು. ಕೊಟ್ಟಿಗೆಯಿಂದ ಬಾವಿಗೆ ಇಪ್ಪತ್ತಡಿ, ಅದೂ ಇಳಿಜಾರು. ಕೆಳಗಿರುವುದು ಮುರಕಲ್ಲು, ಮೈಯೆಲ್ಲ ತೂತು.

ಜೂನ್ ಮೂರನೇ ವಾರ ಮಳೆ ಹಿಡಿಯಿತು. ನಾಲ್ಕು ದಿನದಲ್ಲಿ ಬಾವಿ ಏರಿತು. ಅಮ್ಮ ಬೆಳಿಗ್ಗೆ ನೀರು ಸೇದಿದವರು, "ಎಂತದೋ ವಾಸನೆ ಬರ್ತದೆ ಮಗಾ, ಒಮ್ಮೆ ನೋಡು" ಅಂದರು. ಬಗ್ಗಿ ನೋಡಿದರೆ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪದರ.

ಇಲ್ಲೊಂದು ಮಾತು. ನಮ್ಮ ಕಡೆಯ ಬಾವಿಗಳಲ್ಲಿ ಕಬ್ಬಿಣದಂಶ ಹೆಚ್ಚು. ಅದನ್ನು ತಿನ್ನುವ ಬ್ಯಾಕ್ಟೀರಿಯಾದಿಂದಲೂ ನೀರಿನ ಮೇಲೆ ಇಂಥದ್ದೇ ಹೊಳೆಯುವ ಕೆನೆ ಕಟ್ಟುವುದುಂಟು. ನಾನೂ ಮೊದಲು ಅದೇ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಎರಡಕ್ಕೂ ವ್ಯತ್ಯಾಸ ತಿಳಿಯಲು ಒಂದು ಕೋಲು ಸಾಕು. ಪದರವನ್ನು ಕೋಲಿನಿಂದ ಸೀಳಿದಾಗ ಕಬ್ಬಿಣದ ಕೆನೆಯಾದರೆ ಹೆಂಚಿನ ಚೂರಿನ ಹಾಗೆ ಒಡೆದು ಬೇರೆ ಬೇರೆಯಾಗಿ ನಿಲ್ಲುತ್ತದೆ. ಆಯಿಲ್ ಆದರೆ ಸುತ್ತಿಕೊಂಡು ಬಂದು ಮತ್ತೆ ಕೂಡುತ್ತದೆ. ಉದ್ದದ ಬಿದಿರು ಇಳಿಸಿ ನೋಡಿದೆ. ಕೂಡಿತು. ಇನ್ನೊಮ್ಮೆ ಸೀಳಿದೆ, ಮತ್ತೆ ಕೂಡಿತು.

ಆಯಿಲ್ ನೀರಿಗಿಂತ ಹಗುರ. ಮಳೆಗೆ ನೆಲದೊಳಗಿನ ನೀರು ಏರುವಾಗ ಮಣ್ಣಲ್ಲಿ ಕೂತಿದ್ದ ಆಯಿಲನ್ನೂ ಎತ್ತಿಕೊಂಡು ಕಲ್ಲಿನ ಸಂದಿಗಳಲ್ಲಿ ಬಾವಿಗೆ ತಂದಿತ್ತು. 1 ಲೀಟರ್ ಹಳೆ ಆಯಿಲ್ 10 ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು ಎಂದು ಓದಿದ್ದೆ, ಉತ್ಪ್ರೇಕ್ಷೆ ಅಂದುಕೊಂಡಿದ್ದೆ. ಎಂಟಡಿ ಅಗಲದ ನಮ್ಮ ಬಾವಿಯಲ್ಲಿ ಹದಿನೈದಡಿ ನೀರಿದ್ದರೆ ಅದು 21,000 ಲೀಟರ್ ಅಷ್ಟೇ.

ಆಮೇಲೆ ಮಾಡಿದ್ದು ಎರಡನೇ ತಪ್ಪು, ಮೊದಲಿನದಕ್ಕಿಂತ ದೊಡ್ಡದು. ಗಾಬರಿಯಲ್ಲಿ ಪಂಪ್ ಹಾಕಿ ಬಾವಿ ಬತ್ತಿಸಿದೆ. ಪಂಪು ಎಳೆಯುವುದು ಅಡಿಯ ನೀರನ್ನು. ಮೇಲಿನ ಪದರ ಇಳಿಯುತ್ತಾ ಇಳಿಯುತ್ತಾ ಸುತ್ತಲಿನ ಕಲ್ಲಿಗೆಲ್ಲ ಮೇಲಿಂದ ಕೆಳಗಿನವರೆಗೆ ಆಯಿಲ್ ಬಳಿಯಿತು. ಮರುದಿನ ನೀರು ತುಂಬಿದಾಗ ಅದೇ ಕಲ್ಲಿನಿಂದ ಬಿಟ್ಟುಕೊಂಡು ಮತ್ತೆ ಮೇಲೆ ಬಂತು. ಮೂರು ಸಲ ಬತ್ತಿಸಿದೆ, ಮೂರು ಸಲವೂ ಇದೇ ಕಥೆ. ಬಾವಿಗಿಳಿದು ಅನುಭವವಿದ್ದ ಒಬ್ಬರು ಬಂದು ಬೈದ ಮೇಲೆ ತಿಳಿಯಿತು, ಮೊದಲು ಮೇಲಿನದನ್ನು ತೆಗೆಯಬೇಕು. ಹಳೇ ಹತ್ತಿ ಪಂಚೆಗಳನ್ನು ಹಗ್ಗಕ್ಕೆ ಕಟ್ಟಿ ನೀರಿನ ಮೇಲೆ ಆಡಿಸಿ, ಮೇಲೆಳೆದು ಬಕೆಟಿಗೆ ಹಿಂಡಿ, ಪುನಃ ಬಿಟ್ಟು ಎರಡು ದಿನ ಕಳೆದೆವು. ಕೈಗೆ ಗ್ಲೌಸ್ ಹಾಕಿ ಅಂತ ಅವರೇ ಹೇಳಿದ್ದು. ಹಳೆ ಆಯಿಲ್ ಚರ್ಮಕ್ಕೆ ಹೆಚ್ಚು ಹೊತ್ತು ತಾಗಬಾರದು ಎಂದು ಕ್ಯಾನಿನ ಹಿಂದೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿಯೇ ಇರುತ್ತದೆ. ಓದಿದವರು ಯಾರು!

ಅಮ್ಮ ನೀರು ಕುದಿಸಿ ಜೀರಿಗೆ ಹಾಕಿದರೆ ಆಗುತ್ತದೆ ಅಂದುಕೊಂಡಿದ್ದರು. ಕುದಿಸಿದರೆ ಸಾಯುವುದು ಕ್ರಿಮಿ. ಎಂಜಿನ್ ಸವೆದು ಆಯಿಲಿಗೆ ಸೇರಿದ ಲೋಹ ಎಲ್ಲಿಗೂ ಹೋಗುವುದಿಲ್ಲ. ನೀರಿನ ಪರೀಕ್ಷೆಗೆ ಕೊಡುವುದಾದರೆ ಆಯಿಲ್ ಸೇರಿದೆ ಎಂದು ಬಾಯಿಬಿಟ್ಟು ಹೇಳಿ ಕೊಡಿ. ಮಾಮೂಲಿ ಪರೀಕ್ಷೆಯಲ್ಲಿ ಗಡಸುತನ, ಕಬ್ಬಿಣ, ಕೋಲಿಫಾರ್ಮ್ ಎಂಬ ಬ್ಯಾಕ್ಟೀರಿಯಾ ನೋಡುತ್ತಾರೆಯೇ ಹೊರತು ಎಣ್ಣೆಯನ್ನಲ್ಲ. ನಾನು ಮೊದಲ ಸಲ ನಾಚಿಕೆಯಿಂದ ಹೇಳದೆ ಕೊಟ್ಟು, "ಎಲ್ಲ ಸರಿಯಿದೆ" ಅನ್ನುವ ಕಾಗದ ಹಿಡಿದುಕೊಂಡು ಬಂದಿದ್ದೆ.

ಕಂಬದ ಬುಡದ ಕರಿ ಮಣ್ಣು ಅಗೆದು ಸಿಮೆಂಟ್ ಚೀಲಗಳಿಗೆ ತುಂಬಿಸಿದ್ದಾಯಿತು. ಹದಿನಾಲ್ಕು ಚೀಲ. ಟಾರ್ಪಾಲು ಮುಚ್ಚಿ ಬಾವಿಯಿಂದ ದೂರ ಇಟ್ಟಿದ್ದೇನೆ, ಅದರದ್ದೇ ಈಗ ತಲೆಬಿಸಿ.

ಇಷ್ಟೆಲ್ಲ ಬೇಕಿತ್ತೇ? ಪೇಟೆಗೆ ಹೋಗುವ ದಾರಿಯ ಗ್ಯಾರೇಜಿನಲ್ಲಿ ಹಳೆ ಆಯಿಲಿಗೆಂದೇ ಒಂದು ಡ್ರಮ್ ಇದೆ. ಅದರ ಪಕ್ಕದಲ್ಲೇ ಎಷ್ಟೋ ಸಲ ನಿಂತು ಗಾಳಿ ಹಾಕಿಸಿಕೊಂಡಿದ್ದೇನೆ. ಕೇಳಿದ ಕೂಡಲೇ, "ತನ್ನಿ, ಹೊಯ್ಯಿ" ಅಂದರು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ಬಳಸಿದ ಆಯಿಲ್ ಇದೆ. 2024ರ ಏಪ್ರಿಲ್ 1ರಿಂದ ಆಯಿಲ್ ತಯಾರಿಸುವವರೇ ಅದರ ಮರುಬಳಕೆಗೆ ಹೊಣೆ ಎಂಬ ನಿಯಮವೂ ಬಂದಿದೆ. ಕೊಡುವಾಗ, ಇದನ್ನು ಒಯ್ಯುವವರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇದೆಯೇ ಎಂದು ಕೇಳಿ. ಒಲೆ ಉರಿಸಲು, ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೇಳಿಕೊಂಡು ಬರುವವರಿಗೆ ಬೇಡ. ಸೀಮೆಎಣ್ಣೆ, ಬ್ರೇಕ್ ಆಯಿಲ್, ಕೂಲೆಂಟ್ ಬೆರೆಸಬೇಡಿ, ಬೆರೆಸಿದರೆ ಶುದ್ಧ ಮಾಡುವವರಿಗೆ ಅದು ಕೆಲಸಕ್ಕೆ ಬಾರದು. ಗಾಡಿಯಿಂದ ಬಿಚ್ಚಿದ ಹಳೆ ಆಯಿಲ್ ಫಿಲ್ಟರನ್ನು ಒಂದು ರಾತ್ರಿ ಬೋರಲು ಹಾಕಿ ಪೂರ್ತಿ ಸೋರಿಸಿ. ಮತ್ತೆ, ನೀರಿನ ಬಾಟಲಿಗೆ ಮಾತ್ರ ಸರ್ವಥಾ ತುಂಬಬೇಡಿ, ಮಕ್ಕಳಿರುವ ಮನೆಯಲ್ಲಂತೂ.

ಈ ವರ್ಷ ಮೊದಲ ಮಳೆಗೆ ಬಾವಿ ಏರಿದಾಗ ಕಲ್ಲಿನ ಅಂಚಿನಲ್ಲಿ ಮತ್ತೆ ತೆಳ್ಳಗೆ ಬಣ್ಣ ಕಂಡಿತು. ಕುಡಿಯುವ ನೀರು ಈಗಲೂ ಆಚೆಮನೆಯಿಂದ. ಅಮ್ಮ ಕೊಡಪಾನ ಹಿಡಿದು ಹೊರಟಾಗಲೆಲ್ಲ ನಾನು ಓಡಿಹೋಗಿ ಇಸಕೊಳ್ಳುತ್ತೇನೆ. ಆಯಿಲ್ ಹೊಯ್ಯಲು ಹೇಳಿದ ಮಾವ ಅಲ್ಲೇ ಜಗಲಿಯಲ್ಲಿ ಪೇಪರ್ ಓದುತ್ತಾ ಕೂತಿರುತ್ತಾರೆ. ಕಂಬಕ್ಕೆ ಗೆದ್ದಲು ಆ ದೀಪಾವಳಿಗೇ ಇನ್ನೊಂದು ಬದಿಯಿಂದ ಹತ್ತಿತ್ತು.