ಬಾಕ್ಸ್‌ಸ್ಟರ್ ಮತ್ತು ಎಂಎಕ್ಸ್-5: ಎರಡನ್ನೂ ಸಾಕಿದವನ ಲೆಕ್ಕ

ಮೊದಲು ನಾಲ್ಕು ವರ್ಷ ಮಾಜ್ದಾ ಎಂಎಕ್ಸ್-5 ಇತ್ತು. 1998ರಿಂದ 2005ರವರೆಗೆ ಬಂದ ಎರಡನೇ ತಲೆಮಾರಿನದು, 1.8 ಲೀಟರ್ ಎಂಜಿನ್. ಅದನ್ನು ಮಾರಿ ಪೋರ್ಷೆ ಬಾಕ್ಸ್‌ಸ್ಟರ್ ತಂದೆ. 986 ಅಂತಾರಲ್ಲ, ಆ ಮೊದಲ ಮಾದರಿ, 2.7 ಲೀಟರ್. ಅದನ್ನು ಮೂರು ವರ್ಷ ಓಡಿಸಿದೆ. ಎರಡೂ ಟಾಪ್ ಮಡಚುವ, ಇಬ್ಬರೇ ಕೂರುವ ಗಾಡಿ. ಎರಡೂ ಸೆಕೆಂಡ್ ಹ್ಯಾಂಡ್. ಕೊಳ್ಳುವಾಗ ಎರಡರ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ನಾನು ಎಡವಿದ್ದೇ ಅಲ್ಲಿ.

ಕಾರು ಹಳತಾದರೆ ಕಾರಿನ ಬೆಲೆ ಇಳಿಯುತ್ತೆ. ಸ್ಪೇರ್ ಪಾರ್ಟ್‌ಗಳ ಬೆಲೆ ಇಳಿಯಲ್ಲ. ಬಾಕ್ಸ್‌ಸ್ಟರ್ ಹೊಸದಿದ್ದಾಗ ದುಬಾರಿ ಗಾಡಿ. ಇಪ್ಪತ್ತು ವರ್ಷ ಆದಮೇಲೂ ಅದರ ಬ್ರೇಕು, ಶಾಕ್ ಅಬ್ಸಾರ್ಬರು, ರೇಡಿಯೇಟರು ದುಬಾರಿ ಗಾಡಿಯವೇ. ಮೊದಲ ಸರ್ವಿಸ್ ಬಿಲ್ ಕೈಗೆ ಬರುವವರೆಗೆ ಇದು ನನಗೆ ಹೊಳೆದಿರಲಿಲ್ಲ.

ಒಂದು ಸಾದಾ ಆಯಿಲ್ ಚೇಂಜ್ ತಗೊಳ್ಳಿ. ಎಂಎಕ್ಸ್-5ಕ್ಕೆ 4 ಲೀಟರ್ ಆಸುಪಾಸು ಆಯಿಲ್ ಸಾಕು. ಬಾಕ್ಸ್‌ಸ್ಟರ್ 8 ಲೀಟರಿಗೂ ಜಾಸ್ತಿ ಕುಡಿಯುತ್ತೆ. ಪ್ಲಗ್ಗು ಅಲ್ಲಿ ನಾಲ್ಕು, ಇಲ್ಲಿ ಆರು. ಎಂಎಕ್ಸ್-5ರ ಬಾನೆಟ್ ಎತ್ತಿದರೆ ಎಂಜಿನ್ ಕಣ್ಣಮುಂದೆ ಇರುತ್ತೆ, ಮಾಮೂಲಿ ಪಾನಾ ಸೆಟ್ ಇದ್ದರೆ ಮುಕ್ಕಾಲು ಕೆಲಸ ನಾವೇ ಮಾಡಿಕೊಳ್ಳಬಹುದು. ಆಯಿಲ್ ಫಿಲ್ಟರ್ ಒಂದನ್ನು ಮಾತ್ರ ಇನ್‌ಟೇಕ್ ಕೊಳವೆಗಳ ಕೆಳಗೆ ಸಿಕ್ಕಿಸಿಟ್ಟಿದ್ದಾರೆ. ಅದನ್ನು ಬಿಚ್ಚುವಾಗ ಬಿಸಿ ಆಯಿಲ್ ಮೊಣಕೈವರೆಗೆ ಇಳಿಯದೆ ಇದ್ದರೆ ನೀವು ನನಗಿಂತ ಜಾಣರು. ಬಾಕ್ಸ್‌ಸ್ಟರ್‌ನಲ್ಲಿ ಎಂಜಿನ್ ಸೀಟಿನ ಹಿಂದೆ ಹೂತುಕೊಂಡಿದೆ. ಮುಂದೆ ಎತ್ತಿದರೂ ಡಿಕ್ಕಿ, ಹಿಂದೆ ಎತ್ತಿದರೂ ಡಿಕ್ಕಿ. ಆಯಿಲ್, ಕೂಲೆಂಟ್ ಹಾಕುವ ಮುಚ್ಚಳ ಬಿಟ್ಟರೆ ಏನೂ ಕಾಣಲ್ಲ. ಪ್ಲಗ್ ಬದಲಿಸಬೇಕಾದರೆ ಗಾಡಿ ಎತ್ತಿ ಕೆಳಗಿನಿಂದ ಕೈ ಹಾಕಬೇಕು. ಅಂದರೆ ಸಣ್ಣ ಕೆಲಸಕ್ಕೂ ಗ್ಯಾರೇಜ್, ಸಣ್ಣ ಕೆಲಸಕ್ಕೂ ಕೂಲಿ.

ಟೈರಿನದೂ ಇದೇ ಕಥೆ. ಎಂಎಕ್ಸ್-5ರಲ್ಲಿ ನಾಲ್ಕೂ ಒಂದೇ ಅಳತೆ, 195/50, 15 ಇಂಚು. ಮುಂದಿನದು ಹಿಂದೆ, ಹಿಂದಿನದು ಮುಂದೆ ಹಾಕಿಕೊಂಡು ನಾಲ್ಕನ್ನೂ ಸಮಕ್ಕೆ ಸವೆಸಬಹುದು. ನನ್ನ ಬಾಕ್ಸ್‌ಸ್ಟರ್‌ನಲ್ಲಿ 17 ಇಂಚಿನ ಚಕ್ರ, ಮುಂದೆ 205 ಅಗಲ, ಹಿಂದೆ 255. ಅದಲು ಬದಲು ಮಾಡುವ ಹಾಗೇ ಇಲ್ಲ. ಹಿಂದಿನ ಜೋಡಿ ಬೇಗ ಸವೆಯಿತು, ಮುಂದಿನದು ಹಾಗೇ ಇತ್ತು.

ಈಗ ಬಾಕ್ಸ್‌ಸ್ಟರ್ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ, ಐಎಂಎಸ್ ಅಂದರೆ ಇಂಟರ್‌ಮೀಡಿಯೇಟ್ ಶಾಫ್ಟಿನ ಬೇರಿಂಗ್. ಕ್ರ್ಯಾಂಕ್ ಶಾಫ್ಟಿನಿಂದ ವಾಲ್ವ್ ಕಡೆಗೆ ಹೋಗುವ ಟೈಮಿಂಗ್ ಚೈನ್‌ಗಳ ನಡುವೆ ಒಂದು ಶಾಫ್ಟ್ ಇದೆ, ಅದರ ಒಂದು ತುದಿಯನ್ನು ಹಿಡಿದಿರೋದು ಈ ಬೇರಿಂಗ್. ಅದು ಪುಡಿಯಾದರೆ ಟೈಮಿಂಗ್ ತಪ್ಪಿ ವಾಲ್ವು ಪಿಸ್ಟನ್ನಿಗೆ ಬಡಿಯುತ್ತೆ, ಎಂಜಿನ್ ಕಥೆ ಮುಗಿಯಿತು. 2008ರವರೆಗಿನ ಬಾಕ್ಸ್‌ಸ್ಟರ್‌ಗಳಲ್ಲಿ ಈ ಶಾಫ್ಟ್ ಇದೆ, 2009ರ ಹೊಸ ಎಂಜಿನ್ನಿನಲ್ಲಿ ಅದನ್ನೇ ತೆಗೆದುಬಿಟ್ಟರು. ಮೊದಮೊದಲಿನ ಎರಡು ಸಾಲು ಗುಂಡಿನ ಬೇರಿಂಗ್ ಗಟ್ಟಿ, ಆಮೇಲೆ ಬಂದ ಒಂಟಿ ಸಾಲಿನದು ಅದಕ್ಕಿಂತ ಬಡಕಲು. ಹಾಗಂತ ಎಲ್ಲಾ ಗಾಡಿಯಲ್ಲೂ ಕೆಡಲ್ಲ, ಜಾಸ್ತಿ ಗಾಡಿಗಳಲ್ಲಿ ಕೆಡೋದೇ ಇಲ್ಲ. ಆದರೆ ಕೆಟ್ಟರೆ ಬಿಲ್ಲು ಗಾಡಿ ಬೆಲೆಯನ್ನೂ ದಾಟಬಹುದು. ಅದಕ್ಕೇ ಭಯ.

ಆ ಭಯದಲ್ಲಿ ನಾನು ಒಂದು ಹುಚ್ಚು ಅಭ್ಯಾಸ ಬೆಳೆಸಿಕೊಂಡಿದ್ದೆ. ಪ್ರತಿ ಸಲ ಆಯಿಲ್ ಬದಲಿಸಿದಾಗ ಹಳೇ ಫಿಲ್ಟರ್ ಮನೆಗೆ ತರುತ್ತಿದ್ದೆ. ಅದರ ಕಾಗದ ಕತ್ತರಿಸಿ, ಮಡಿಕೆ ಬಿಡಿಸಿ, ಹಳೇ ಪೇಪರ್ ಮೇಲೆ ಹರಡಿ ಟಾರ್ಚ್ ಬಿಟ್ಟು ನೋಡೋದು. ಮಿನುಗುವ ಚೂರು ಕಂಡರೆ ಅಯಸ್ಕಾಂತ ಹಿಡಿಯೋದು. ಅಂಟಿದರೆ ಉಕ್ಕು, ಅಂದರೆ ಬೇರಿಂಗ್ ಮೇಲೆ ಅನುಮಾನ. ಅಂಟದಿದ್ದರೆ ಅಲ್ಯೂಮಿನಿಯಂ, ಅದೂ ಒಳ್ಳೇದಲ್ಲ ಬಿಡಿ. ಒಂದು ಸಲ ಕೆಂಚು ಬಣ್ಣದ ಪ್ಲಾಸ್ಟಿಕ್ ಚೂರು ಒಂದೆರಡು ಸಿಕ್ಕಿದವು. ಅರ್ಧ ರಾತ್ರಿ ಕೂತು ಓದಿದಮೇಲೆ ಗೊತ್ತಾಯಿತು, ಅದು ಚೈನ್ ಉಜ್ಜುವ ಗೈಡ್‌ನದು, ಹಳೇ ಎಂಜಿನ್ನಿನಲ್ಲಿ ಅಷ್ಟಿಷ್ಟು ಬರೋದು ಮಾಮೂಲು. ಎಂಎಕ್ಸ್-5 ಇದ್ದ ನಾಲ್ಕು ವರ್ಷದಲ್ಲಿ ಒಂದು ಫಿಲ್ಟರನ್ನೂ ನಾನು ಕತ್ತರಿಸಿರಲಿಲ್ಲ!

ಕೊನೆಗೆ ಕ್ಲಚ್ ಬದಲಿಸುವಾಗ ಬೇರಿಂಗನ್ನೂ ಬದಲಿಸಿದೆ. ಅದಕ್ಕೆ ಕೈ ಹಾಕಬೇಕಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು, ಹಾಗಾಗಿ ಎರಡೂ ಒಟ್ಟಿಗೆ ಮಾಡಿಸಿದರೆ ಒಂದೇ ಕೂಲಿ. ತೆಗೆದ ಹಳೇ ಬೇರಿಂಗನ್ನು ಕೈಯಲ್ಲಿ ಹಿಡಿದು ತಿರುಗಿಸಿದೆ, ಬೆಣ್ಣೆ ಹಾಗೆ ತಿರುಗಿತು. ಏನೂ ಆಗಿರಲಿಲ್ಲ. ಕೆಡದ ಸಾಮಾನಿಗೆ ಇಷ್ಟು ದುಡ್ಡು ಸುರಿದೆನಲ್ಲ ಅಂತ ಹೊಟ್ಟೆ ಉರಿದದ್ದು ನಿಜ. ಆವತ್ತು ರಾತ್ರಿ ನಿದ್ದೆ ಬಂದದ್ದೂ ನಿಜ.

ಹಾಗಾದರೆ ಎಂಎಕ್ಸ್-5 ಬಂಗಾರವಾ? ಎಂಜಿನ್ ಮಟ್ಟಿಗೆ ಹೌದು. ಟೈಮಿಂಗ್ ಬೆಲ್ಟ್ ಸುಮಾರು 1 ಲಕ್ಷ ಕಿಲೋಮೀಟರಿಗೆ ಬದಲಿಸಬೇಕು, ಅಲ್ಲಿ ಕೈ ಹಾಕಿದಾಗಲೇ ವಾಟರ್ ಪಂಪನ್ನೂ ಮುಗಿಸಿಬಿಡೋದು ವಾಡಿಕೆ. ಅದು ಬಿಟ್ಟರೆ ದೊಡ್ಡ ಖರ್ಚೇ ಬರಲಿಲ್ಲ. ಅದರ ಶತ್ರು ತುಕ್ಕು. ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಚಕ್ರದ ಕಮಾನು, ಮುಂದಿನ ಚಾಸಿಯ ತೊಲೆ, ಈ ಮೂರು ಜಾಗ. ನನ್ನ ಗಾಡಿಯಲ್ಲಿ ಎಡಗಡೆ ಪಟ್ಟಿ ಹೊರಗಿನಿಂದ ಲಕಲಕ ಅಂತಿತ್ತು. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಟಣ್ ಅನ್ನುವ ಬದಲು ಧಪ್ ಅಂತು. ಒಳಗೆ ಬರೀ ಪುಟ್ಟಿ. ಹಿಂದಿನ ಯಾರೋ ತುಂಬಿಸಿ ಬಣ್ಣ ಹೊಡೆಸಿದ್ದರು. ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದ್ದೇ ಆ ಗಾಡಿಗೆ ನಾನು ಮಾಡಿದ ದೊಡ್ಡ ಖರ್ಚು.

ತಮಾಷೆ ಏನಂದರೆ, ಎರಡೂ ಗಾಡಿಯಲ್ಲಿ ನನ್ನನ್ನು ಅಳಿಸಿದ್ದು ಒಂದೇ ವಸ್ತು, ಒಣಗಿದ ಎಲೆ. ಟಾಪಿನ ಮೇಲೆ ಬಿದ್ದ ನೀರು ಹಿಂದಿನ ಮೂಲೆಗಳ ತೂತಿನಿಂದ ಕೆಳಗೆ ಇಳಿದು ಹೋಗಬೇಕು. ಎಲೆ ಕಸ ಅಲ್ಲಿ ಕಟ್ಟಿಕೊಂಡರೆ ಎಂಎಕ್ಸ್-5ರಲ್ಲಿ ಆ ನೀರು ಬಾಗಿಲ ಕೆಳಗಿನ ಪಟ್ಟಿಗೆ ಸೇರಿ ಒಳಗಿನಿಂದ ತುಕ್ಕು. ಬಾಕ್ಸ್‌ಸ್ಟರ್‌ನಲ್ಲಿ ನೇರ ಕಾರ್ಪೆಟ್ಟಿಗೆ, ಅಲ್ಲಿ ಸೀಟಿನ ಕೆಳಗೆ ಇಮೊಬಿಲೈಸರ್ ಪೆಟ್ಟಿಗೆ ಕೂತಿದೆ, ಸರಿಯಾದ ಕೀ ಇಲ್ಲದೆ ಗಾಡಿ ಸ್ಟಾರ್ಟ್ ಆಗದ ಹಾಗೆ ತಡೆಯೋದು ಅದೇ. ನಾನು ಸೋಮಾರಿತನದಿಂದ ಒಂದು ಮಳೆಗಾಲ ಪೂರ್ತಿ ತೂತು ನೋಡಲಿಲ್ಲ. ಒಂದು ಬೆಳಗ್ಗೆ ಕೀ ತಿರುಗಿಸಿದರೆ ಸದ್ದೇ ಇಲ್ಲ. ಕಾರ್ಪೆಟ್ ಒತ್ತಿದರೆ ಸ್ಪಂಜಿನ ಹಾಗೆ ನೀರು ಬಂತು. ತಪ್ಪು ಗಾಡಿಯದಲ್ಲ, ನನ್ನದೇ. ಹತ್ತು ನಿಮಿಷದ ಕೆಲಸ ಬಿಟ್ಟಿದ್ದಕ್ಕೆ ಎರಡು ತಿಂಗಳ ಉಳಿತಾಯ ಹೋಯಿತು.

ಗೆಳೆಯನ ಹೋಂಡಾ ಎಸ್2000 ಕೂಡ ಎರಡು ವಾರ ಓಡಿಸಿದ್ದೇನೆ. 2 ಲೀಟರ್, ಟೈಮಿಂಗ್ ಚೈನ್, 9000 ಆರ್‌ಪಿಎಂ ಹತ್ತಿರದವರೆಗೆ ಕಿರುಚುವ ಎಂಜಿನ್. ಆಗಾಗ ಆಯಿಲ್ ಮಟ್ಟ ನೋಡುವ ಅಭ್ಯಾಸ ಇದ್ದರೆ ಗಟ್ಟಿಮುಟ್ಟು. ಆದರೆ ಈಗ ಅದನ್ನು ಸಂಗ್ರಹಕಾರರು ಹುಡುಕುತ್ತಿದ್ದಾರೆ, ಸುಮ್ನೆ ಆಸೆ ಯಾಕೆ.

ನನ್ನ ಲೆಕ್ಕದ ಪುಸ್ತಕದ ಪ್ರಕಾರ ಬಾಕ್ಸ್‌ಸ್ಟರ್‌ಗೆ ಮೂರು ವರ್ಷದಲ್ಲಿ ಸುರಿದದ್ದು ಕೊಂಡ ದುಡ್ಡಿನ ಮುಕ್ಕಾಲು ಪಾಲು. ಎಂಎಕ್ಸ್-5ಕ್ಕೆ ನಾಲ್ಕು ವರ್ಷದಲ್ಲಿ ಕಾಲು ಪಾಲೂ ಆಗಲಿಲ್ಲ, ವೆಲ್ಡಿಂಗ್ ಸೇರಿಸಿ. ಓಡಿಸುವ ಖುಷಿಯಲ್ಲಿ? ಟಾಪ್ ಇಳಿಸಿ, ಬೆನ್ನ ಹಿಂದೆ ಆರು ಸಿಲಿಂಡರ್ ಗುಂಯ್‌ಗುಡುವಾಗ ಬಾಕ್ಸ್‌ಸ್ಟರ್ ಮುಂದೆ ಎಂಎಕ್ಸ್-5 ಹೊಲಿಗೆ ಮೆಷಿನ್ ಹಾಗೆ ಕೇಳಿಸುತ್ತೆ, ಸುಳ್ಳು ಯಾಕೆ ಹೇಳಲಿ. ಆದರೂ ಬಾಕ್ಸ್‌ಸ್ಟರ್ ಮಾರಿ ಮತ್ತೆ ಎಂಎಕ್ಸ್-5 ತಂದಿದ್ದೇನೆ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಕೊಂಡ ದಿನವೇ ಬೆಲೆಯ ಅರ್ಧದಷ್ಟು ದುಡ್ಡು ಪಕ್ಕಕ್ಕೆ ಇಡೋಕೆ ಆಗುತ್ತೆ ಅನ್ನುವವರು ಬಾಕ್ಸ್‌ಸ್ಟರ್ ನೋಡಿ. ಕ್ಲಚ್, ಬೇರಿಂಗ್ ಬದಲಿಸಿದ ಬಿಲ್ಲು ಕೇಳಿ, ಬಾಯಿಮಾತು ನಂಬಬೇಡಿ.

ಯಾವುದನ್ನೇ ನೋಡಲು ಹೋದರೂ ಒಂದು ಬಾಟಲಿ ನೀರು ಜೊತೆಗಿರಲಿ. ಟಾಪ್ ಅರ್ಧ ಮಡಚಿ, ಹಿಂದಿನ ಮೂಲೆಯ ತೂತಿಗೆ ಒಂದು ಲೋಟದಷ್ಟು ಸುರಿದು, ಬಗ್ಗಿ ಗಾಡಿ ಕೆಳಗೆ ನೋಡಿ. ನೆಲ ಒದ್ದೆಯಾದರೆ ಮಾತುಕತೆ ಮುಂದುವರಿಸಬಹುದು. ಆಗದಿದ್ದರೆ ಮೊದಲು ಕಾರ್ಪೆಟ್ ಎತ್ತಿ ತೋರಿಸಿ ಅನ್ನಿ.