ಕಾರ್ಲಿಯನ್‌ನ ರೋಮನ್ ಸೈನಿಕರ ಶೋ: ಕವಾಯತು ಮುಗಿದ್ಮೇಲೂ ನಿಂತು ನೋಡಿ

ವೇಲ್ಸ್‌ನ ಕಾರ್ಲಿಯನ್‌ಗೆ ಹೋಗೋದಾದ್ರೆ ಹಳೇ ಕಾಲದ ಸೈನಿಕರ ವೇಷ ಹಾಕಿ ತೋರ್ಸೋ ರೀಎನಾಕ್ಟರ್‌ಗಳ ಶೋ ಯಾವತ್ತಿದೆ ಅಂತ ನೋಡ್ಕೊಂಡು ಹೋಗಿ. ರೋಮನ್ ಸೈನ್ಯದ ದೊಡ್ಡ ದಳವಾದ ಎರಡನೇ ಆಗಸ್ಟಾ ಲೀಜನ್ ಬೀಡು ಬಿಟ್ಟಿದ್ದ ಊರಿದು, ಶೋ ನಡೆಯೋ ಆಂಫಿಥಿಯೇಟರ್ (ಸುತ್ತ ಕೂತು ನೋಡೋ ಬಯಲು ಅಂಗಳ) ಕ್ರಿ.ಶ. 90ರ ಆಸುಪಾಸಿಂದು, ಹತ್ರದಲ್ಲೇ ಇರೋ ಲೀಜನ್ ಮ್ಯೂಸಿಯಂಗೆ ಎಂಟ್ರಿ ಫ್ರೀ.

ನಂಗೆ ತುಂಬಾ ಹಿಡಿಸಿದ್ದು ಕವಾಯತು ಅಲ್ಲ, ಅದಾದ್ಮೇಲೆ ಟೆಂಟ್ ಹತ್ರ ಕವಚ ಬಿಚ್ಚಿ ತೋರ್ಸಿದ್ದು. ಲೋರಿಕಾ ಸೆಗ್ಮೆಂಟಾಟಾ ಅನ್ನೋ ಈ ಪಟ್ಟಿ ಕವಚ ಚಿತ್ರದಲ್ಲಿ ಬರೀ ಕಬ್ಬಿಣದ ಪಟ್ಟಿ ಥರ ಕಾಣುತ್ತೆ, ಆದ್ರೆ ಒಳಗಡೆ ಪಟ್ಟಿಗಳನ್ನೆಲ್ಲ ಚರ್ಮದ ಬಾರುಗಳಿಗೆ ರಿವೆಟ್ ಹೊಡೆದು ಕೂರ್ಸಿರ್ತಾರೆ, ಅದಕ್ಕೇ ಅದನ್ನ ಹಾಕ್ಕೊಂಡಿದ್ದ ಮನುಷ್ಯ ಬಗ್ಗಿದಾಗ ಪಟ್ಟಿಗಳು ಒಂದರ ಮೇಲೊಂದು ಸಲೀಸಾಗಿ ಜಾರಿದ್ವು. ಕುತ್ತಿಗೆಗೆ ಸುತ್ತಿದ್ದ ಬಟ್ಟೆನೂ ಶೋಕಿಗಲ್ಲ, ಕಬ್ಬಿಣದ ಅಂಚು ಚರ್ಮ ತರಚದೆ ಇರ್ಲಿ ಅಂತ. 1964ರಲ್ಲಿ ಇಂಗ್ಲೆಂಡಿನ ಕಾರ್ಬ್ರಿಡ್ಜ್‌ನಲ್ಲಿ ಪೆಟ್ಟಿಗೆಯೊಂದರೊಳಗೆ ತುಕ್ಕು ಹಿಡಿದ ಕವಚದ ತುಂಡುಗಳು ಸಿಕ್ಕಿ, ಕವಚಗಳ ತಜ್ಞ ರಸೆಲ್ ರಾಬಿನ್ಸನ್ ಅವನ್ನ ಕೂಲಂಕಷವಾಗಿ ನೋಡಿ ಜೋಡಿಸೋ ಕ್ರಮ ಬಿಡಿಸಿದ್ರು. ಅದನ್ನ ಮೈಮೇಲೆ ಹಾಕ್ಕೊಂಡು ನಡೆದು, ಓಡಿ ನೋಡಿದ್ದು 1972ರಲ್ಲಿ ಶುರುವಾದ ಅರ್ಮಿನ್ ಸ್ಟ್ರೀಟ್ ಗಾರ್ಡ್ ಥರದ ರೀಎನಾಕ್ಟರ್ ಗುಂಪುಗಳು. ಗಾಜಿನ ಪೆಟ್ಟಿಗೆ ಮುಂದೆ ಎಷ್ಟು ಹೊತ್ತು ನಿಂತ್ರೂ ಇದು ಗೊತ್ತಾಗಲ್ಲ.

ಗುರಾಣಿ ಬಗ್ಗೆ ಆ ಗುಂಪಿನೋರನ್ನ ಕೇಳ್ದೆ. ಬಾಗಿದ ಆಕಾರದ ರೋಮನ್ ಗುರಾಣಿ ಹೆಚ್ಚುಕಮ್ಮಿ ಪೂರ್ತಿಯಾಗಿ ಉಳಿದಿರೋದು ಒಂದೇ, ಸಿರಿಯಾದ ಡೂರಾ ಯುರೋಪೋಸ್‌ದು, ಈಗ ಅಮೆರಿಕದ ಯೇಲ್ ಯೂನಿವರ್ಸಿಟಿಯಲ್ಲಿದೆ, ಅದೂ 3ನೇ ಶತಮಾನದ್ದು, ಹಾಗಾಗಿ ನಮ್ಮ 1ನೇ ಶತಮಾನದ ಗುರಾಣಿಯಲ್ಲಿ ಊಹೆ ಸುಮಾರಿದೆ ಅಂತ ಬಾಯ್ಬಿಟ್ಟು ಹೇಳಿದ್ರು. ಆ ಒಂದು ಮಾತಿಗೇ ಅವ್ರ ಮೇಲೆ ಗೌರವ ಜಾಸ್ತಿ ಆಯ್ತು.

ಒಂದು ಸ್ಟಾರ್ ಕಟ್ ಮಾಡಿದ್ದು ಯಾಕಂದ್ರೆ, ಎಲ್ರಿಗೂ ಅದೇ ಪಟ್ಟಿ ಕವಚ. ಸರಪಳಿ ಕವಚ ಹಾಕ್ತಿದ್ದ ಲೀಜನರಿಗಳೂ (ಲೀಜನ್ನಿನ ಸೈನಿಕರು) ಇದ್ರು, ಸೈನ್ಯದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟಿದ್ದ ಆಕ್ಸಿಲರಿ ಅನ್ನೋ ಸಹಾಯಕ ಸೈನಿಕರದ್ದಂತೂ ಬೇರೆಯದೇ ವೇಷ, ಅವ್ರ ಹೆಸರೇ ಮೈಕ್‌ನಲ್ಲಿ ಬರ್ಲಿಲ್ಲ, ಮಕ್ಕಳು ರೋಮನ್ ಅಂದ್ರೆ ಇಷ್ಟೇ ಅನ್ಕೊಂಡು ಮನೆಗೆ ಹೋಗ್ತವೆ. ಜನಾನೂ ಕಮ್ಮಿ. ಸೆಂಚುರಿ ಅನ್ನೋ ಒಂದು ತುಕಡಿ ಅಂದ್ರೆ 80 ಜನ, ಇಲ್ಲಿ ಅದರ ಕಾಲು ಭಾಗ ಇದ್ರೆ ಹೆಚ್ಚು, ಲೀಜನ್ನಿಗೆ ಲೀಜನ್ನೇ ಕೂರಬಹುದಾಗಿದ್ದ ಅಂಗಳದಲ್ಲಿ ಟೆಸ್ಟುಡೋ (ಗುರಾಣಿಗಳನ್ನ ಆಮೆ ಚಿಪ್ಪಿನ ಥರ ಜೋಡಿಸೋ ವ್ಯೂಹ) ಕಟ್ಟಿದ್ರೆ ಪುಟ್ಟದಾಗಿ ಕಾಣುತ್ತೆ. ಹಿಸ್ಟರಿ ಮ್ಯಾಗಜೀನ್‌ನೋರು ಇಂಥ ಹತ್ತು ಜನರನ್ನ ಹತ್ತಿರದಿಂದ ಕ್ರಾಪ್ ಮಾಡಿ ಫೋಟೋ ಹಾಕಿ ದೊಡ್ಡ ಸೈನ್ಯ ಅನ್ನೋ ಹಾಗೆ ತೋರಿಸ್ತಾರೆ, ಅದು ನಂಗೆ ಸರಿ ಕಾಣಲ್ಲ, ಯಾವ ಕಾಲದ್ದು, ಯಾವ ಊರಲ್ಲಿ ಸಿಕ್ಕಿದ್ದನ್ನ ನೋಡಿ ಮಾಡಿದ್ದು ಅಂತ ಫೋಟೋ ಕೆಳಗೆ ಒಂದು ಸಾಲು ಹಾಕ್ಲೇಬೇಕು.

ಕಾರ್ಡಿಫ್, ಬ್ರಿಸ್ಟಲ್ ಕಡೆ ಇರೋ ನಮ್ಮೋರು ಮಕ್ಕಳನ್ನ ಖಂಡಿತ ಕರ್ಕೊಂಡ್ಹೋಗಿ, ನ್ಯೂಪೋರ್ಟ್‌ವರೆಗೆ ಟ್ರೈನು, ಅಲ್ಲಿಂದ ಬಸ್ಸು. ಕೂರೋದು ಹುಲ್ಲಿನ ದಿಬ್ಬದ ಮೇಲೆ, ಮಳೆ ಬಂದ್ರೆ ಮೇಲೆ ಸೂರಿಲ್ಲ, ರೇನ್‌ಕೋಟ್ ಮರೀಬೇಡಿ. 5ಕ್ಕೆ 4.