ಎಸ್ಸೆಸ್ಸೆಲ್ಸಿ ವಿಜ್ಞಾನ: ಟ್ಯೂಷನ್ನಾ, ಆ್ಯಪ್ಪಾ, ಕಿಟ್ಟಾ, ಊಟದ ಮೇಜಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಊಟದ ಮೇಜಿಗೆ. ಸರ್ಕಾರಿ ಪಠ್ಯಪುಸ್ತಕ, ಏಳುನೂರು ರೂಪಾಯಿಯೊಳಗೆ ಕೂಡಿಸಿದ ಒಂದು ಡಬ್ಬಿ ಸಾಮಾನು, ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಮಗುವಿನ ಎದುರು ಕೂರುವ ಅಪ್ಪನೋ ಅಮ್ಮನೋ ಇದ್ದರೆ ಸಾಕು. ಟ್ಯೂಷನ್‌ಗೆ ಎರಡನೇ ಜಾಗ, ದುಡ್ಡು ಕೊಟ್ಟು ತೆಗೆದುಕೊಳ್ಳುವ ವಿಡಿಯೊ ಆ್ಯಪ್‌ಗೆ ಮೂರನೆಯದು. ರೆಡಿಮೇಡ್ ಸೈನ್ಸ್ ಕಿಟ್‌ಗೆ ಹಾಕಿದ್ದು ಮಾತ್ರ ದಂಡ. ನಾಲ್ಕನ್ನೂ ಬಳಸಿ ನೋಡಿಯೇ ಈ ಮಾತು ಹೇಳುತ್ತಿದ್ದೇನೆ.

ಕಿಟ್ ಯಾಕೆ ಬೇಡ ಅನ್ನುವುದರಿಂದ ಶುರು ಮಾಡೋಣ. ಆರನೇ ಕ್ಲಾಸಿನಿಂದ ಹತ್ತರವರೆಗೆ ಎಲ್ಲರಿಗೂ ಒಂದೇ ಪೆಟ್ಟಿಗೆ ಅಂತ ಮಾರುತ್ತಾರೆ. ಹತ್ತನೇ ಕ್ಲಾಸಿನ ಪಾಠಕ್ಕೆ ಅದರಲ್ಲಿ ಉಪಯೋಗಕ್ಕೆ ಬರುವುದು ನಾಲ್ಕೈದು ವಸ್ತು. ವೋಲ್ಟ್ ಏರಿದ ಪ್ರಮಾಣದಲ್ಲೇ ಕರೆಂಟೂ ಏರುತ್ತದೆ ಅನ್ನುವ ಓಮ್‌ನ ನಿಯಮಕ್ಕೆ ರೋಧಕದ (ರೆಸಿಸ್ಟರ್) ಬದಲು ಟಾರ್ಚ್ ಬಲ್ಬ್ ಇಟ್ಟಿರುತ್ತಾರೆ, ಎಡವಟ್ಟಾಗುವುದು ಅಲ್ಲೇ. ಬಲ್ಬಿನ ತಂತಿ ಬಿಸಿಯಾದಂತೆ ಅದರ ರೋಧ ಏರುತ್ತದೆ. ಸೆಲ್ ಒಂದೊಂದಾಗಿ ಹೆಚ್ಚಿಸುತ್ತಾ ಹೋದರೆ ನಕ್ಷೆ ನೇರ ರೇಖೆಯಾಗುವ ಬದಲು ಬಾಗುತ್ತದೆ. ಮಗು ತನ್ನದೇ ತಪ್ಪು ಅಂದುಕೊಂಡು ಅಂಕಿಗಳನ್ನು ತಿದ್ದಿ ನೇರ ಮಾಡುತ್ತದೆ. ವಿಜ್ಞಾನದಲ್ಲಿ ಇದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ.

ಆ್ಯಪ್ ವಿಷಯಕ್ಕೆ ಬರೋಣ. ಅನಿಮೇಷನ್ ಚೆನ್ನಾಗಿರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಹೃದಯದೊಳಗೆ ರಕ್ತ ಹರಿಯುವುದನ್ನು ಚಲಿಸುವ ಚಿತ್ರದಲ್ಲಿ ನೋಡಿದರೆ ಪುಸ್ತಕಕ್ಕಿಂತ ಬೇಗ ಹತ್ತುತ್ತದೆ. ಆದರೆ ಬೆಳಕಿನ ಪಾಠದಲ್ಲಿ ಒಂದು ತೊಡಕಿದೆ, ಅಂಕ ಕೈಬಿಡುವುದು ಅಲ್ಲಿ.

ನಮ್ಮ ರಾಜ್ಯದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಪಠ್ಯವನ್ನೇ ಅನುಸರಿಸುತ್ತದೆ. ದೂರವನ್ನೆಲ್ಲ ಮಸೂರದ ಮಧ್ಯದಿಂದ ಅಳೆಯಬೇಕು. ಬೆಳಕು ಸಾಗುವ ದಿಕ್ಕಿನಲ್ಲಿ ಅಳೆದದ್ದು ಪ್ಲಸ್, ಅದಕ್ಕೆ ಎದುರಾಗಿ ಅಳೆದದ್ದು ಮೈನಸ್. ಹಾಗಾಗಿ ವಸ್ತುದೂರ ಯಾವಾಗಲೂ ಮೈನಸ್, ಮಸೂರದ ಸೂತ್ರ 1/ವಿ − 1/ಯು = 1/ಎಫ್ (ವಿ ಪ್ರತಿಬಿಂಬದ ದೂರ, ಯು ವಸ್ತುದೂರ, ಎಫ್ ಸಂಗಮದೂರ). ದರ್ಪಣಕ್ಕೆ ಮಾತ್ರ ನಡುವೆ ಪ್ಲಸ್. ಹೊರದೇಶದ ಎಷ್ಟೋ ವಿಡಿಯೊಗಳಲ್ಲಿ ಮಸೂರಕ್ಕೂ ಪ್ಲಸ್ ಸೂತ್ರವನ್ನೇ ಹೇಳಿಕೊಡುತ್ತಾರೆ. ಅವರ ಪದ್ಧತಿಯಲ್ಲಿ ವಸ್ತುದೂರವೂ ಪ್ಲಸ್ ಆಗಿರುವುದರಿಂದ ಅವರ ಲೆಕ್ಕ ಅವರಿಗೆ ಸರಿ. ಮಗು ಸೂತ್ರವನ್ನು ವಿಡಿಯೊದಿಂದ, ಚಿಹ್ನೆಯನ್ನು ಪುಸ್ತಕದಿಂದ ತೆಗೆದುಕೊಂಡಾಗ ಎರಡೂ ಬೆರೆತು ಉತ್ತರ ಕೆಡುತ್ತದೆ.

ಒಂದು ಲೆಕ್ಕ ನೋಡಿ. ಪೀನ ಮಸೂರದ ಸಂಗಮದೂರ 20 ಸೆಂ.ಮೀ., ವಸ್ತು ಇರುವುದು 30 ಸೆಂ.ಮೀ. ದೂರದಲ್ಲಿ. ಪುಸ್ತಕದ ಪ್ರಕಾರ 1/ವಿ = 1/20 − 1/30 = 1/60, ಅಂದರೆ ಪ್ರತಿಬಿಂಬ 60 ಸೆಂ.ಮೀ.ನಲ್ಲಿ, ವರ್ಧನೆ ಮೈನಸ್ 2. ಪ್ಲಸ್ ಸೂತ್ರಕ್ಕೆ ಮೈನಸ್ 30 ಹಾಕಿದರೆ 1/20 + 1/30 ಆಗಿ 12 ಸೆಂ.ಮೀ. ಬರುತ್ತದೆ. ನೋಡುವುದಕ್ಕೆ ಸರಿಯಾದ ಉತ್ತರದ ಹಾಗೇ ಇರುವುದರಿಂದ ಮಗುವಿಗೆ ಸಂಶಯವೇ ಬರುವುದಿಲ್ಲ. ಯಾವುದು ಸರಿ ಅಂತ ಆ್ಯಪ್ ಹೇಳುವುದಿಲ್ಲ, ಅಪ್ಪ ಅಮ್ಮನಿಗೂ ನೆನಪಿರುವುದಿಲ್ಲ.

ತೀರ್ಮಾನ ಹೇಳುವುದು ನೂರು ರೂಪಾಯಿಯ ಭೂತಗನ್ನಡಿ. ರಾತ್ರಿ ದೀಪ ಆರಿಸಿ, ಮೇಜಿನ ಮೇಲೆ ಟೇಪ್ ಉದ್ದಕ್ಕೆ ಹಾಸಿ. ಅದಕ್ಕೂ ಮೊದಲು ಹಗಲಲ್ಲಿ ಸಂಗಮದೂರ ಕಂಡುಕೊಳ್ಳಬೇಕು. ಕಿಟಕಿಯಾಚೆಯ ದೂರದ ಮರ ಎದುರಿನ ಗೋಡೆಯ ಮೇಲೆ ಚುಕ್ಕಿಯಷ್ಟೂ ಮಸುಕಿಲ್ಲದೆ ತಲೆಕೆಳಗಾಗಿ ಮೂಡುವವರೆಗೆ ಗಾಜನ್ನು ಹಿಂದೆಮುಂದೆ ಮಾಡಿ, ಗೋಡೆಗೂ ಗಾಜಿಗೂ ಇರುವ ದೂರ ಅಳೆಯಿರಿ. ಅದು 20 ಬಂತು ಅಂದುಕೊಳ್ಳಿ. ಗಾಜಿನ ಹಿಡಿಯನ್ನು ಚಪಾತಿ ಹಿಟ್ಟಿನ ಮುದ್ದೆಗೆ ಚುಚ್ಚಿ ನೇರ ನಿಲ್ಲಿಸಿ, 30 ಸೆಂ.ಮೀ. ಈಚೆ ಮೊಂಬತ್ತಿ ಇಟ್ಟು, ಆಚೆ ಕಡೆ ಬಿಳಿ ಹಾಳೆ ಅಂಟಿಸಿದ ಪುಸ್ತಕವನ್ನು ಸರಿಸುತ್ತಾ ಹೋಗಿ. ಜ್ವಾಲೆ ಎರಡರಷ್ಟು ದೊಡ್ಡದಾಗಿ, ತಲೆಕೆಳಗಾಗಿ, 60ರ ಆಸುಪಾಸಿನಲ್ಲೇ ಸ್ಪಷ್ಟವಾಗುತ್ತದೆ. 12ರಲ್ಲಿ ಸ್ಪಷ್ಟ ಚಿತ್ರ ಮೂಡುವುದೇ ಇಲ್ಲ. ಮೈನಸ್ 2 ಅಂದರೆ ‘ತಲೆಕೆಳಗು, ಎರಡರಷ್ಟು’ ಅಂತ ಮಗುವಿಗೆ ಅರ್ಥವಾಗುವುದು ಆ ಹಾಳೆಯ ಮೇಲೆ. ಚಿತ್ರ ಹಾಳೆಯಿಂದ ಮೇಲೋ ಕೆಳಗೋ ಜಾರಿದರೆ ಜ್ವಾಲೆಯ ಎತ್ತರಕ್ಕೂ ಗಾಜಿನ ಮಧ್ಯಕ್ಕೂ ಹೊಂದಿಲ್ಲ ಅಂತ ಅರ್ಥ, ಮೊಂಬತ್ತಿ ಕರಗಿದಂತೆ ಅದರ ಕೆಳಗೆ ಪುಸ್ತಕ ಇಟ್ಟು ಏರಿಸಿ. ಆ ಗಾಜಿನಲ್ಲಿ ಸೂರ್ಯನನ್ನು ನೋಡಬಾರದು ಅಂತ ಮೊದಲೇ ಹೇಳಿ.

ವಿಡಿಯೊ ಬೇಕೇ ಬೇಕು ಅನ್ನುವವರು ಪಠ್ಯಪುಸ್ತಕದಲ್ಲೇ ಇರುವ ಕ್ಯೂಆರ್ ಕೋಡನ್ನು ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ನೋಡಲಿ. ಅದು ಉಚಿತ. ಕನ್ನಡ ಮಾಧ್ಯಮದವರಿಗೆ ಅದರಲ್ಲಿ ಇನ್ನೊಂದು ಅನುಕೂಲವೂ ಇದೆ. ಪರೀಕ್ಷೆಯಲ್ಲಿ ಕಾಣುವುದು ವಿಭವಾಂತರ, ವಕ್ರೀಭವನ, ಉತ್ಕರ್ಷಣ, ಅಪಕರ್ಷಣ ಅನ್ನುವ ಪದಗಳು. ಇಂಗ್ಲಿಷ್ ವಿಡಿಯೊದಲ್ಲಿ ಪಾಠ ಅರ್ಥವಾದ ಮಗುವಿಗೆ ಪ್ರಶ್ನೆಪತ್ರಿಕೆಯಲ್ಲಿ ಪದವೇ ಗುರುತು ಸಿಗದೆ ಹೋಗಬಹುದು.

ಟ್ಯೂಷನ್ನನ್ನು ನಾನು ತಳ್ಳಿಹಾಕುವುದಿಲ್ಲ. ಗಣಿತವೇ ಕುಂಟುವ ಮಗುವಿಗೆ, ತಂದೆತಾಯಿ ಇಬ್ಬರೂ ರಾತ್ರಿ ಒಂಬತ್ತರ ಮೇಲೆ ಮನೆ ಸೇರುವ ಕಡೆ, ಅದೇ ಸರಿಯಾದ ದಾರಿ. ಸೇರಿಸುವ ಮುಂಚೆ ಅಲ್ಲಿ ಓದುತ್ತಿರುವ ಮಗುವೊಂದರ ಟೆಸ್ಟ್ ಪೇಪರ್ ತೋರಿಸಿ ಅಂತ ಕೇಳಿ. ಬರೀ ಅಂಕ ಹಾಕಿದ್ದರೆ ಬೇಡ. ‘ಇಲ್ಲಿ ಏಕಮಾನ ಬಿಟ್ಟಿದ್ದೀಯ’, ‘ಬಾಣದ ಗುರುತು ಇಲ್ಲ’ ಅಂತ ಕೆಂಪು ಶಾಯಿಯಲ್ಲಿ ಬರೆದಿದ್ದರೆ ಧೈರ್ಯವಾಗಿ ಸೇರಿಸಿ. ನೋಟ್ಸ್ ಉಕ್ತಲೇಖನ ಕೊಡುವ ಕಡೆ ಹತ್ತು ತಿಂಗಳ ಫೀಸು ಕಟ್ಟುವುದಕ್ಕಿಂತ ಪುಸ್ತಕವನ್ನೇ ಎರಡು ಸಲ ಓದುವುದು ಮೇಲು.

ಪ್ರಶ್ನೋತ್ತರದ ಗೈಡು? ಕೊನೆಯ ತಿಂಗಳಲ್ಲಿ ಉತ್ತರ ತಾಳೆ ನೋಡುವುದಕ್ಕೆ ಮಾತ್ರ.

ಈಗ ನನ್ನ ಮೆಚ್ಚಿನ ಡಬ್ಬಿ. ಭೂತಗನ್ನಡಿ, ಸಾದಾ ಡಿಜಿಟಲ್ ಮಲ್ಟಿಮೀಟರ್, ನಾಲ್ಕು ಪೆನ್ಸಿಲ್ ಸೆಲ್, ಅವುಗಳ ಹೋಲ್ಡರ್, ಕ್ರೊಕೊಡೈಲ್ ಕ್ಲಿಪ್ ಹಾಕಿದ ಆರು ವೈರು, 220 ಓಮ್ ಕಾಲು ವ್ಯಾಟಿನ ರೋಧಕ ಐದು (ಕೆಂಪು, ಕೆಂಪು, ಕಂದು ಪಟ್ಟಿ ಇರುವಂಥದ್ದು), ಒಂದು ಅಡಿ ಸಣ್ಣ ಪೈಪು, ವಿನೆಗರ್. ಅಡುಗೆ ಸೋಡಾ, ಅರಿಶಿನ, ಎಲೆಅಡಿಕೆ ಸುಣ್ಣ ಮನೆಯಲ್ಲೇ ಇರುತ್ತವೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ರೋಧಕ ಒಂದೆರಡು ರೂಪಾಯಿಗೆ ಸಿಗುತ್ತದೆ, ಮಲ್ಟಿಮೀಟರ್ ಇನ್ನೂರು ಮುನ್ನೂರಕ್ಕೆ.

220 ಓಮ್ ಯಾಕೆ ಅಂದರೆ, ಈ ಅಗ್ಗದ ಮೀಟರುಗಳಲ್ಲಿ ಕರೆಂಟ್ ಅಳೆಯುವ ಫ್ಯೂಸಿರುವ ಕಿಂಡಿ ಸಾಮಾನ್ಯವಾಗಿ 200 ಮಿಲಿಆಂಪೇರ್‌ವರೆಗೆ ಮಾತ್ರ. 10 ಓಮ್ ಹಾಕಿ ಎರಡು ಸೆಲ್ ಜೋಡಿಸಿದರೆ ಲೆಕ್ಕಕ್ಕೆ 300 ಬರುತ್ತದೆ, ಫ್ಯೂಸ್ ಹೋಗಬಹುದು. 220 ಓಮ್ ಇದ್ದರೆ ಒಂದು ಸೆಲ್‌ಗೆ ಸುಮಾರು 6.8, ಎರಡಕ್ಕೆ 13.6, ಮೂರಕ್ಕೆ 20.5, ನಾಲ್ಕಕ್ಕೆ 27.3 ಮಿಲಿಆಂಪೇರ್. ರೋಧಕ ತುಸು ಬೆಚ್ಚಗಾದರೂ ಅದರ ರೋಧ ಹೆಚ್ಚೇನೂ ಬದಲಾಗುವುದಿಲ್ಲ, ಗೆರೆ ನೇರ ಬರುತ್ತದೆ. ಹೊಸ ಸೆಲ್ 1.5ಕ್ಕಿಂತ ತುಸು ಹೆಚ್ಚು ತೋರಿಸುತ್ತದೆ, ರೋಧಕದಲ್ಲೂ ಶೇ. 5ರಷ್ಟು ಹೆಚ್ಚುಕಮ್ಮಿ ಇರುತ್ತದೆ. ಆದ್ದರಿಂದ 220 ನಿಖರವಾಗಿ ಬರಲಿಲ್ಲ ಅಂತ ಗಾಬರಿ ಬೇಡ, ಬಂದ ಅಂಕಿಯನ್ನೇ ಬರೆಯಲಿ. ಎಲ್ಲರೂ ಮಾಡುವ ತಪ್ಪೊಂದಿದೆ: ಕರೆಂಟ್ ಅಳತೆಯಲ್ಲಿಟ್ಟ ಮೀಟರನ್ನು ನೇರ ಸೆಲ್‌ನ ಎರಡು ತುದಿಗೆ ಮುಟ್ಟಿಸುವುದು. ಕರೆಂಟ್ ಅಳೆಯುವಾಗ ಮೀಟರ್ ಸರಣಿಯಲ್ಲಿ, ವೋಲ್ಟ್ ಅಳೆಯುವಾಗ ಸಮಾಂತರವಾಗಿ. ಈ ಪ್ರಶ್ನೆ ಪರೀಕ್ಷೆಗೂ ಬರುತ್ತದೆ.

ಸುಣ್ಣದ ತಿಳಿಗೆ ಒಂದು ಚಮಚ ಸುಣ್ಣವನ್ನು ಲೋಟ ನೀರಿಗೆ ಕದಡಿ, ಮುಚ್ಚಿಟ್ಟು, ಬೆಳಗ್ಗೆ ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ತೆರೆದಿಟ್ಟರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ತಾಗಿ ಮೇಲೆ ಕೆನೆಯಂತೆ ಪೊರೆ ಕಟ್ಟುತ್ತದೆ. ಬಾಟಲಿಯಲ್ಲಿ ಅರ್ಧ ಚಮಚ ಸೋಡಾಕ್ಕೆ ಮೂರು ಚಮಚ ವಿನೆಗರ್ ಹಾಕಿ, ಬರುವ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಪೈಪಿನಿಂದ ತಿಳಿಗೆ ಬಿಟ್ಟರೆ ಹಾಲಿನಂತಾಗಬೇಕು. ಆಗದಿದ್ದರೆ ಹೆಚ್ಚಾಗಿ ನೊರೆಯೇ ಪೈಪಿನೊಳಗೆ ಏರಿ ವಿನೆಗರ್ ತಿಳಿಗೆ ಬಿದ್ದಿರುತ್ತದೆ. ಪೈಪಿನ ತುದಿ ಬಾಟಲಿಯಲ್ಲಿ ನೊರೆಗಿಂತ ಎತ್ತರದಲ್ಲಿರಲಿ. ಅನಿಲ ತುಂಬಾ ಹೊತ್ತು ಹೋದರೆ ಬಿಳುಪು ಮತ್ತೆ ಕರಗುತ್ತದೆ, ಅದು ತಪ್ಪಲ್ಲ, ಅದೂ ಪಾಠದಲ್ಲಿದೆ. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ. ಕನ್ನಡಕ ಹಾಕಿಸಿ, ಸಿಡಿದರೆ ಧಾರೆಯಾಗಿ ನೀರು ಬಿಟ್ಟು ತೊಳೆಯುತ್ತಾ ತಕ್ಷಣ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಸಮೀಕರಣ ಸರಿದೂಗಿಸುವುದಕ್ಕೆ ಕಾಳು ಸಾಕು. ಹೆಸರುಕಾಳು ಹೈಡ್ರೋಜನ್, ಹುಣಸೆಬೀಜ ಆಕ್ಸಿಜನ್. ಎರಡು ಹೆಸರುಕಾಳಿನ ಒಂದು ಜೋಡಿ, ಎರಡು ಹುಣಸೆಬೀಜದ ಒಂದು ಜೋಡಿ ಇಟ್ಟು ನೀರು ಕಟ್ಟು ಅನ್ನಿ. ಒಂದು ಹುಣಸೆಬೀಜ ಉಳಿದಾಗ ಮಕ್ಕಳು ಅದನ್ನೂ ಅದೇ ನೀರಿಗೆ ಸೇರಿಸುತ್ತಾರೆ. ಕಾಗದದಲ್ಲಿ ಆಕ್ಸಿಜನ್ ಕೆಳಗೆ 2 ಬರೆಯುವ ತಪ್ಪು ಇದೇ, ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್. ಇನ್ನೊಂದು ಜೋಡಿ ಹೆಸರುಕಾಳು ತಂದರೆ ಎರಡು ನೀರಾಗುತ್ತದೆ, ಸೂತ್ರದ ಮುಂದೆ 2 ಎಲ್ಲಿಂದ ಬಂತು ಅಂತ ಕಣ್ಣೆದುರೇ ಕಾಣುತ್ತದೆ.

ವಿಜ್ಞಾನ ಗೊತ್ತಿಲ್ಲದ ತಾಯಿ ತಂದೆಗೂ ಇದು ನಡೆಯುತ್ತದೆ, ಯಾಕೆಂದರೆ ನೀವು ಪಾಠ ಮಾಡಬೇಕಿಲ್ಲ. ಮಗು ಎರಡು ಪುಟ ಓದಲಿ, ಪುಸ್ತಕ ನಿಮ್ಮ ಕೈಗೆ ಕೊಡಲಿ, ಅದನ್ನು ನೋಡದೆ ಹೇಳಲಿ. ತಡವರಿಸಿದ ಕಡೆ ಪೆನ್ಸಿಲ್ ಗುರುತು ಹಾಕಿ. ಆಮೇಲೆ ಮೂರು ಅಂಕದ ಒಂದು ಉತ್ತರ ಬರೆಸಿ, ಪುಟ ತೆರೆದು ಮಗುವೇ ತಿದ್ದಿಕೊಳ್ಳಲಿ. ಒಂದು ವಾರ ಬಿಟ್ಟು ಗುರುತು ಹಾಕಿದ್ದನ್ನಷ್ಟೇ ಕೇಳಿ. ಚಿತ್ರವನ್ನೂ ಪುಸ್ತಕ ಮುಚ್ಚಿಯೇ ಬರೆಸಿ. ಹೃದಯದ ಚಿತ್ರದಲ್ಲಿ ಎಡಬಲ ಅದಲುಬದಲಾಗುವುದು ಸಾಮಾನ್ಯ. ಮೈಗೆಲ್ಲ ರಕ್ತ ತಳ್ಳುವ ಎಡ ಹೃತ್ಕುಕ್ಷಿಯ ಗೋಡೆ ದಪ್ಪ, ಅದು ಚಿತ್ರದಲ್ಲಿ ನೋಡುವವರ ಬಲಕ್ಕೆ ಬರುತ್ತದೆ ಅಂತ ನೆನಪಿಟ್ಟರೆ ಸಾಕು.

ಬರವಣಿಗೆಯ ಪರೀಕ್ಷೆ 80 ಅಂಕಕ್ಕೆ, ಉಳಿದ 20 ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಜನವರಿ ಬಂದ ಮೇಲೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಿಂದ ಮಾದರಿ ಪ್ರಶ್ನೆಪತ್ರಿಕೆ ತೆಗೆದು, ಭಾನುವಾರ ಬೆಳಗ್ಗೆ ಗಡಿಯಾರ ಇಟ್ಟು ಪೂರ್ತಿ ಬರೆಸಿ. ಆ ಹೊತ್ತಿನಲ್ಲಿ ಟಿವಿ ಬಂದ್, ನಿಮ್ಮ ಮೊಬೈಲೂ ಬಂದ್.